ಮಾರಿಕುಪ್ಪಂ ಗಾಡಿಯಲ್ಲಿ ಡ್ರಾಕುಲಾ

"ಏನಮ್ಮ, ಆ ಡ್ರಾಕುಲಾ ಕೋಟೆ ನೋಡಿಕೊಂಡು ಬಂದೆಯಾ?"

ರುಮೇನಿಯಾದಿಂದ ರಜೆಗೆ ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ ಇದೇ. ಕೇಳಿದವರು ಬಂಗಾರಪೇಟೆಯ ನಿವೃತ್ತ ಮೇಷ್ಟ್ರು. ಕೇಳಿಸಿಕೊಂಡವಳು ಅವರ ಹಳೆಯ ವಿದ್ಯಾರ್ಥಿನಿ, ರುಮೇನಿಯಾದ ಕ್ಲುಜ್ ನಗರದಲ್ಲಿ ಸಾಫ್ಟ್‌ವೇರ್ ಕೆಲಸ. ಬಂಗಾರಪೇಟೆಯ ಪಾನಿಪುರಿ ತಿಂದು ಮುಗಿಸಿ, ಮಾರಿಕುಪ್ಪಂಗೆ ಹೋಗುವ ಗಾಡಿಗೆ ಕಾಯುತ್ತಾ ಕೂತಿದ್ದರು. ಈ ಊರಿನ ಪಾನಿಗೆ ಹಸಿರು ಬಣ್ಣವಿಲ್ಲ. ಬಾವಿ ನೀರಿನಷ್ಟು ತಿಳಿ, ಬಾಯಿಗಿಟ್ಟರೆ ಮಾತ್ರ ಬೆಂಕಿ. ಮೇಷ್ಟ್ರು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ನೋಡಿದೆ ಮೇಷ್ಟ್ರೇ. ಬ್ರಾನ್ ಅಂತ ಊರು. ಕೋಟೆ ಚೆನ್ನಾಗೇ ಇದೆ. ಆದರೆ ಡ್ರಾಕುಲಾಗೂ ಅದಕ್ಕೂ ನಂಟು ಕಡಿಮೆ. ಆ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಐರ್ಲೆಂಡಿನವನು. 1897ರಲ್ಲಿ ಪುಸ್ತಕ ಬಂತು. ಆತ ರುಮೇನಿಯಾದ ನೆಲಕ್ಕೆ ಕಾಲಿಟ್ಟವನೇ ಅಲ್ಲ."

"ಐರ್ಲೆಂಡಿನವರಿಗೆ ಇಂಥ ಕೆಲಸ ಚೆನ್ನಾಗಿ ಒಗ್ಗುತ್ತೆ ಅಂತ ಕಾಣುತ್ತೆ. ನಮ್ಮ ಕೋಲಾರ ಗೋಲ್ಡ್ ಫೀಲ್ಡ್ಸ್‌ಗೆ, ಈ ಕೆಜಿಎಫ್‌ಗೆ, ಬಂದ ಲಾವೆಲ್ ಕೂಡ ಐರಿಷ್ ಸೈನಿಕನೇ. 1875ರಲ್ಲಿ ಚಿನ್ನ ಹುಡುಕೋಕೆ ಲೈಸೆನ್ಸ್ ತಗೊಂಡ."

"ಆತ ಚಿನ್ನ ಹುಡುಕಿದ, ಇವನು ದೆವ್ವ ಹುಡುಕಿದ. ಡ್ರಾಕುಲಾ ಅನ್ನೋ ಹೆಸರು ಸಿಕ್ಕಿದ್ದು 15ನೆಯ ಶತಮಾನದ ವ್ಲಾದ್ ಅನ್ನೋ ದೊರೆಯಿಂದ. ಶತ್ರುಗಳನ್ನು ಶೂಲಕ್ಕೇರಿಸ್ತಿದ್ದ, ಕ್ರೂರಿ, ಅದೆಲ್ಲ ನಿಜ. ಆದರೆ ಅಲ್ಲಿನ ಜನ ಹೇಳೋ ಕಥೆಯಲ್ಲಿ ಅವನು ರಕ್ತ ಕುಡಿಯೋದಿಲ್ಲ. ಊರ ಬಾವಿಯ ಹತ್ತಿರ ಎಲ್ಲರೂ ನೀರು ಕುಡಿಯಲಿ ಅಂತ ಚಿನ್ನದ ಬಟ್ಟಲು ಇಡಿಸಿದ್ದನಂತೆ. ಅವನು ಬದುಕಿರೋ ತನಕ ಒಬ್ಬನೂ ಅದನ್ನು ಮುಟ್ಟಲಿಲ್ಲವಂತೆ."

"ಹಾಗಿದ್ದರೆ ಅವರ ಡ್ರಾಕುಲಾ ನಮ್ಮ ರಾಕಿ ಭಾಯ್ ಇದ್ದ ಹಾಗೆ," ಎಂದರು ಮೇಷ್ಟ್ರು. "2018ರಲ್ಲಿ 'ಕೆಜಿಎಫ್' ಸಿನಿಮಾ ಬಂದಿದ್ದೇ ಬಂದಿದ್ದು, ಎಲ್ಲಿಂದಲೋ ಹುಡುಗರು ಬಂದು 'ನರಾಚಿ ಎಲ್ಲಿದೆ' ಅಂತ ಕೇಳುತ್ತಾರೆ. ನರಾಚಿ ಅನ್ನೋ ಊರೇ ಇಲ್ಲ ಕಣಪ್ಪ, ಸೆಟ್ ಹಾಕಿದ್ದು ಸೈನೈಡ್ ದಿಬ್ಬದ ಮೇಲೆ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಈ ಗಣಿಯಲ್ಲಿ ನಿಜವಾಗಿ ಇಳಿದವನು ಪಕ್ಕದಲ್ಲೇ ಬೀಡಿ ಸೇದುತ್ತಾ ನಿಂತಿರುತ್ತಾನೆ. ಅವನನ್ನು ಯಾರೂ ಮಾತಾಡಿಸೋದಿಲ್ಲ."

ಹೋಲಿಕೆ ಸ್ವಲ್ಪ ಧಾರಾಳವಾಯಿತು. ಸಿನಿಮಾ ತಾನು ಇತಿಹಾಸ ಎಂದು ಹೇಳಿಕೊಂಡಿರಲಿಲ್ಲ, ಸ್ಟೋಕರ್ ಬರೆದದ್ದೂ ಕಾದಂಬರಿಯೇ. ಆದರೂ ಮೇಷ್ಟ್ರ ಮಾತಿನಲ್ಲಿ ಹುರುಳಿದೆ. ಹೊರಗಿನವರು ಚೆನ್ನಾಗಿ ಹೆಣೆದ ಒಂದು ಕಥೆ, ಒಳಗಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ನೂರು ಕಥೆಗಳನ್ನು ಮೂಲೆಗೆ ತಳ್ಳಬಲ್ಲದು.

"ಹಾಗಾದರೆ ಅಲ್ಲಿ ದೆವ್ವಗಳೇ ಇಲ್ಲವೋ?"

"ಇಲ್ಲದೆ ಉಂಟೇ? ಅವಕ್ಕೆ ಸ್ತ್ರಿಗೋಯ್ ಅಂತಾರೆ. ಕೋಟೆಯಲ್ಲಿ ಸೂಟು ಹಾಕಿಕೊಂಡು ಇರೋವಲ್ಲ. ಸತ್ತ ಚಿಕ್ಕಪ್ಪನೋ ಪಕ್ಕದ ಮನೆಯ ಮುದುಕಿಯೋ ಎದ್ದು ಬರೋದು. ನವೆಂಬರ್ 30 ಸಂತ ಆಂದ್ರೇಯನ ಹಬ್ಬ. ಅದರ ಹಿಂದಿನ ರಾತ್ರಿ ಅವುಗಳ ಓಡಾಟ ಜೋರು ಅಂತ ನಂಬಿಕೆ. ಬಾಗಿಲಿಗೆ, ಕಿಟಕಿ ಚೌಕಟ್ಟಿಗೆ ಬೆಳ್ಳುಳ್ಳಿ ಉಜ್ಜುತ್ತಾರೆ. ಮನೆಯೊಳಗಿನ ಪಾತ್ರೆಗಳನ್ನು ಬೋರಲು ಹಾಕುತ್ತಾರೆ, ಅವೇ ಎದ್ದು ಹೋಗಿ ಒಳಗಿಂದ ಬಾಗಿಲು ತೆಗೆದುಬಿಟ್ಟರೆ ಅಂತ."

"ನಾವು ಬೆಳ್ಳುಳ್ಳಿ ದಂಡ ಮಾಡಲಿಲ್ಲ. ಸುಣ್ಣದ ಕಡ್ಡಿ ಸಾಕಾಯಿತು," ಎಂದು ಮೇಷ್ಟ್ರು ನಕ್ಕರು. "ತೊಂಬತ್ತರ ದಶಕದ 'ನಾಳೆ ಬಾ' ನಿನಗೆ ನೆನಪಿರೋಕಿಲ್ಲ. ದೆವ್ವ ಬಂದು ಬಾಗಿಲು ತಟ್ಟುತ್ತೆ, ಮನೆಯವರ ದನಿಯಲ್ಲೇ ಕರೆಯುತ್ತೆ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತೆ, ಮಾರನೆಯ ದಿನ ಬಂದು ಮತ್ತೆ ಓದುತ್ತೆ. ಗಡಿಯ ಆಚೆ ತೆಲುಗಿನಲ್ಲಿ 'ಓ ಸ್ತ್ರೀ ರೇಪು ರಾ' ಅಂತ ಬರೀತಿದ್ದರು. ನಮ್ಮ ಜಿಲ್ಲೆಯಲ್ಲಿ ದೆವ್ವಕ್ಕೂ ಎರಡು ಭಾಷೆ ಬರಲೇಬೇಕು."

"ಕೆಜಿಎಫ್‌ಗೆ ಬಂದರೆ ತಮಿಳೂ ಸೇರಿ ಮೂರು."

ಗಾಡಿ ಬಂತು. ಬಂಗಾರಪೇಟೆಯಿಂದ ಕವಲೊಡೆದು ಕೋರಮಂಡಲ್, ಊರಗಾಂ, ಚಾಂಪಿಯನ್ ಎಂದು ನಿಲ್ಲುತ್ತಾ ಮಾರಿಕುಪ್ಪಂನಲ್ಲಿ ಮುಗಿಯುವ ಈ ಕಿರುದಾರಿಯನ್ನು ಬ್ರಿಟಿಷರ ಕಾಲದಲ್ಲಿ ಹಾಕಿದ್ದು ಗಣಿಗಾಗಿ. ಈಗ ಇದರಲ್ಲಿ ತುಂಬಿರುವವರು ಬೆಳಗಾಗುವ ಮುಂಚೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮರಳುವ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು.

ಕಿಟಕಿ ಪಕ್ಕ ಜಾಗ ಸಿಕ್ಕ ಮೇಲೆ ಅವಳು ಅಸಲಿ ವಿಷಯಕ್ಕೆ ಬಂದಳು. "ನಾನು ನಿಮಗೆ ಹೇಳಬೇಕು ಅಂತಿದ್ದದ್ದು ಕೋಟೆಯ ಕಥೆ ಅಲ್ಲ ಮೇಷ್ಟ್ರೇ, ಗಣಿಯ ಕಥೆ. ಕ್ಲುಜ್‌ನಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ದೂರದಲ್ಲಿ, ಅಪುಸೇನಿ ಬೆಟ್ಟಗಳಲ್ಲಿ, ರೋಶಿಯಾ ಮೊಂಟಾನಾ ಅಂತ ಊರಿದೆ. ಅದು ಅವರ ಕೆಜಿಎಫ್. ಕ್ರಿ.ಶ. 106ರಲ್ಲಿ ರೋಮನ್ ಚಕ್ರವರ್ತಿ ಟ್ರಾಜನ್ ಆ ದೇಶ ಗೆದ್ದ. ಚಿನ್ನ ತೆಗೆಯೋಕೆ ಏಡ್ರಿಯಾಟಿಕ್ ಕಡಲ ಕಡೆಯಿಂದ ಇಲ್ಲಿರಿಯನ್ ಗಣಿಗಾರರನ್ನು ತಂದು ನೆಲೆ ನಿಲ್ಲಿಸಿದರು. ಅವರ ಸುರಂಗಗಳು ಇನ್ನೂ ಇವೆ. ಸಾಲಪತ್ರ, ಕರಾರು ಬರೆದ ಮೇಣದ ಹಲಗೆಗಳು ಆ ಸುರಂಗಗಳಲ್ಲೇ ಸಿಕ್ಕಿವೆ. ಒಂದರ ಮೇಲೆ ಕ್ರಿ.ಶ. 131ರ ತಾರೀಖಿದೆ."

"ಅಂದರೆ ಅಲ್ಲೂ ದುಡಿದವರು ವಲಸೆ ಬಂದವರೇ."

"ಬಂದವರು ದೇವರನ್ನೂ ಕರೆದುಕೊಂಡೇ ಬಂದರು. ಅವರು ಹರಕೆಗೆ ನಿಲ್ಲಿಸಿದ ಕಲ್ಲುಗಳು ಸಾಲು ಸಾಲು ಸಿಕ್ಕಿವೆ."

ಮೇಷ್ಟ್ರು ಕಿಟಕಿಯ ಹೊರಗೆ ಕೈ ತೋರಿಸಿದರು. "ಇಲ್ಲಿ ಆಗಿದ್ದೂ ಅದೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಧರ್ಮಪುರಿ ಕಡೆಯಿಂದ ಜನ ಬಂದರು. ಹೆಚ್ಚಿನವರು ಜಮೀನಿಲ್ಲದ ದಲಿತರು. ಕಾರ್ಮಿಕರ ಲೈನ್ ಮನೆಗಳ ನಡುವೆ ಮಾರಿಯಮ್ಮನೂ ಮುನೀಶ್ವರನೂ ಬಂದು ಕೂತರು. ಆಡಿ ತಿಂಗಳ ಅಂಬಲಿ, ತಲೆ ಮೇಲೆ ಬೆಂಕಿಯ ಮಡಕೆ, ಎಲ್ಲ ಅವರ ಜೊತೆ ಬಂದದ್ದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಲೈನ್ ಮನೆಗಳಲ್ಲಿ ಬುದ್ಧನೂ ಬಂದ, ಅಂಬೇಡ್ಕರರಿಗಿಂತ ಎಷ್ಟೋ ಮುಂಚೆ."

"ಅಯೋತಿ ದಾಸರಾ?"

"ಅವರೇ. ಮದರಾಸಿನ ಪಂಡಿತ ಅಯೋತಿ ದಾಸರು 1898ರಲ್ಲಿ ಶುರು ಮಾಡಿದ ಶಾಕ್ಯ ಬೌದ್ಧ ಸಂಘಕ್ಕೆ ಇಲ್ಲಿ ಗಟ್ಟಿ ಶಾಖೆ ಇತ್ತು. ಅವರು ಮಾಡಿದ ಕೆಲಸ ನೋಡು. ಹಬ್ಬಗಳನ್ನೇ ಬಿಚ್ಚಿ ಮತ್ತೆ ಹೊಲಿದರು. ದೀಪಾವಳಿ ಅಂದರೆ ನರಕಾಸುರನನ್ನು ಕೊಂದ ದಿನ ಅಲ್ಲ, ಎಳ್ಳೆಣ್ಣೆಯ ಉಪಯೋಗ ಕಂಡುಹಿಡಿದ ಬೌದ್ಧ ಭಿಕ್ಷುಗಳ ನೆನಪಿನ ಹಬ್ಬ ಅಂತ ಬರೆದರು. ಒಪ್ಪಬೇಕು ಅಂತೇನಿಲ್ಲ. ಆದರೆ ಕಥೆ ಯಾರ ಕೈಯಲ್ಲಿದೆಯೋ ಹಬ್ಬ ಅವರದ್ದು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ 'ತಮಿಳನ್' ಪತ್ರಿಕೆ 1926ರಲ್ಲಿ ಮತ್ತೆ ಹೊರಟಿದ್ದು ಎಲ್ಲಿಂದ ಅಂದುಕೊಂಡೆ? ಇದೇ ಕೆಜಿಎಫ್‌ನಿಂದ."

"ರುಮೇನಿಯಾದ ಆ ಗಣಿಗೊಬ್ಬಳು ದೇವತೆಯೂ ಇದ್ದಾಳೆ," ಎಂದು ಅವಳು ಮಾತು ಸುರಂಗದತ್ತ ತಿರುಗಿಸಿದಳು. "ದೇವತೆ ಅಂದರೆ ಪೂಜೆ ಮಾಡೋ ದೇವತೆ ಅಲ್ಲ. ಗಣಿಯ ವಲ್ವ ಅಂತಾರೆ. ಒಂದೊಂದು ಸುರಂಗಕ್ಕೆ ಒಬ್ಬೊಬ್ಬಳು. ಹೆಂಗಸಿನ ರೂಪದಲ್ಲಿ ಬರ್ತಾಳೆ, ಕೆಲವೊಮ್ಮೆ ಮುದುಕನಾಗಿ, ಪ್ರಾಣಿಯಾಗಿ. ಬಿಳಿ ವಲ್ವ ಕಂಡರೆ ಒಳ್ಳೆಯದು, ಅದಿರಿನ ದಾರಿ ತೋರಿಸ್ತಾಳೆ. ಕಪ್ಪು ವಲ್ವ ಕಂಡರೆ ಕೇಡು. ಸುರಂಗದೊಳಗೆ ಸಿಳ್ಳೆ ಹಾಕಬಾರದು, ಕೆಟ್ಟ ಮಾತು ಆಡಬಾರದು. ಅವಳು ಸಿಟ್ಟಾಗಿ ಗಣಿ ಬಿಟ್ಟು ಹೋದರೆ ಚಿನ್ನವೂ ಅವಳ ಹಿಂದೆಯೇ ಹೋಗುತ್ತೆ."

"ಸಿಳ್ಳೆ ಹಾಕಬಾರದು ಅನ್ನೋದು ಬರೀ ನಂಬಿಕೆ ಅಲ್ಲಮ್ಮ. ಕೆಳಗೆ ಕಿವಿಯೇ ಕಣ್ಣು. ಬಂಡೆ ಮಾತಾಡುತ್ತೆ."

ಇಲ್ಲಿ ಮೇಷ್ಟ್ರು ಹೇಳಿದ್ದಕ್ಕೆ ವಿವರಣೆ ಬೇಕು. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು, ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಅಷ್ಟು ಆಳದಲ್ಲಿ ಮೇಲಿನ ನೆಲದ ಭಾರವೆಲ್ಲ ಬಂಡೆಯೊಳಗೆ ಬಿಗಿದು ಕೂತಿರುತ್ತದೆ. ಅದಿರು ತೆಗೆದು ಟೊಳ್ಳು ಮಾಡುತ್ತಾ ಹೋದಂತೆ ಆ ಬಿಗಿ ಒಮ್ಮೆಲೇ ಸಿಡಿದು ಸುರಂಗವೇ ಕುಸಿಯುತ್ತದೆ. ಅದೇ ರಾಕ್ ಬರ್ಸ್ಟ್. ಸಿಡಿಯುವ ಮೊದಲು ಕಲ್ಲು ಚಟಚಟ ಎನ್ನುವುದುಂಟು, ಆಸರೆಗೆ ಕೊಟ್ಟ ಮರದ ದಿಮ್ಮಿ ನರಳುವುದುಂಟು. ಕೆಜಿಎಫ್‌ನ ಜನಕ್ಕೆ ಇದು ಎಷ್ಟು ರೂಢಿಯೆಂದರೆ ನೆಲ ಅದುರಿದರೆ ಭೂಕಂಪ ಎನ್ನುತ್ತಿರಲಿಲ್ಲ, ಯಾವ ಶಾಫ್ಟ್ ಎಂದು ಕೇಳುತ್ತಿದ್ದರು. ಬಂಡೆಯ ಇಂಥ ವರ್ತನೆಯನ್ನು ಅಳೆದು ಅರಿಯಲು 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಲ್ಲಿ ಹುಟ್ಟಿತು.

"ಹಾಗಿದ್ದರೆ ನಿಮಗೆ ಕಾರ್ನ್‌ವಾಲ್‌ನವರ ಕಥೆ ಇಷ್ಟ ಆಗುತ್ತೆ," ಎಂದಳು ಅವಳು. "ಕೋಲಾರಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಎಷ್ಟೊಂದು ಗಣಿಗಾರರು ಬಂದಿದ್ದರಲ್ಲ, ಅಲ್ಲಿ ತವರದ ಗಣಿಗಳು ಮುಚ್ಚಿದ ಮೇಲೆ? ಅವರ ನಂಬಿಕೆಯಲ್ಲಿ ಸುರಂಗದ ಗೋಡೆಯೊಳಗೆ ಕುಳ್ಳರು ಇರ್ತಾರೆ. ಸುತ್ತಿಗೆಯಿಂದ ಟಕ್ ಟಕ್ ಅಂತ ಬಡೀತಾರೆ. ಕೆಲವರ ಪ್ರಕಾರ ಅದಿರು ಇರೋ ಕಡೆ, ಕೆಲವರ ಪ್ರಕಾರ ಕುಸಿಯೋ ಕಡೆ. ಊಟಕ್ಕೆ ತಂದ ಕಡುಬಿನ ಅಂಚು ಮುರಿದು ಅವರಿಗೆ ಅಂತ ಬಿಟ್ಟು ಬರ್ತಿದ್ದರು."

"ಟಕ್ ಟಕ್ ಕೇಳಿದರೆ ಓಡು. ಇಷ್ಟು ಪಾಠ ಕಲಿಸೋಕೆ ಕುಳ್ಳ ಬೇಕಾಯಿತು. ವಲ್ವ ಆದರೂ ಅಷ್ಟೇ. ಪುಸ್ತಕ ಓದಲು ಬಾರದವನಿಗೆ ಅದು ಸುರಕ್ಷತಾ ನಿಯಮ."

"ನೀವು ಎಲ್ಲಕ್ಕೂ ಉಪಯೋಗ ಹುಡುಕುತ್ತೀರಿ ಮೇಷ್ಟ್ರೇ. ಭಯ ಬರೀ ಭಯವಾಗಿಯೂ ಇರಬಹುದು. ಸಾಲದಲ್ಲಿ ಮುಳುಗಿದವನು ಬಿಳಿ ಹೆಂಗಸಿನ ಕನಸು ಕಾಣೋದಕ್ಕೆ ಸುರಕ್ಷತೆ ಕಾರಣ ಅಲ್ಲ. ಆಸೆ."

ಮೇಷ್ಟ್ರು ಒಪ್ಪಿದರೋ ಇಲ್ಲವೋ, ಮಾತು ಬದಲಿಸಿದರು. "ಈ ಗಣಿಯೊಳಗೆ ಕಾಣದ ವಸ್ತು ಇದೆ ಅಂತ ದಾಖಲೆ ಸಮೇತ ತೋರಿಸಿದವರು ವಿಜ್ಞಾನಿಗಳು ಮಾತ್ರ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನು, ಇಂಗ್ಲೆಂಡಿನವರ ಜೊತೆ ಸೇರಿ ಇಲ್ಲಿ ನ್ಯೂಟ್ರಿನೋ ಅನ್ನೋ ಕಣ ಹಿಡಿದರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಸಿಕ್ಕ ಮೊದಲ ಜಾಗಗಳಲ್ಲಿ ನಮ್ಮದೂ ಒಂದು. ಅದೂ ಟಕ್ ಅನ್ನಲಿಲ್ಲ."

ಊರಗಾಂ ಹತ್ತಿರ ಬಂದಾಗ ದಿಬ್ಬಗಳು ಕಂಡವು. ಅದಿರು ಅರೆದು ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದುಬಣ್ಣದ ಮಣ್ಣು. 120 ವರ್ಷಗಳಲ್ಲಿ ಇಲ್ಲಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೋಯಿತು, ಇದು ಉಳಿಯಿತು. ಬೇಸಿಗೆಯ ಗಾಳಿಗೆ ಇದರ ಧೂಳು ಮನೆಮನೆಗೂ ಬರುತ್ತದೆ. ರುಮೇನಿಯಾದವರು ಇದೇ ಸೈನೈಡಿನ ಇನ್ನೂ ಘೋರ ಮುಖ ಕಂಡಿದ್ದಾರೆ. 2000ದ ಜನವರಿ 30ರಂದು ಬಾಯಾ ಮಾರೆ ಎಂಬಲ್ಲಿ ಗಣಿ ತ್ಯಾಜ್ಯದ ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ವಿಷದ ನೀರು ನದಿಗಳಿಗೆ ಹರಿಯಿತು, ಹಂಗೆರಿಯವರೆಗೆ ಮೀನುಗಳು ಸತ್ತು ತೇಲಿದವು. ರೋಶಿಯಾ ಮೊಂಟಾನಾದಲ್ಲಿ ಸೈನೈಡ್ ಬಳಸಿ ಮತ್ತೆ ಗಣಿ ತೆರೆಯುವ ಯೋಜನೆಯ ವಿರುದ್ಧ 2013ರಲ್ಲಿ ಸಾವಿರಾರು ಜನ ಬೀದಿಗಿಳಿದರು. 2021ರಲ್ಲಿ ಆ ಊರು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

"ಚಿನ್ನ ಬಿಡು, ನಮ್ಮ ಜಿಲ್ಲೆಯ ನಿಜವಾದ ಕಥೆ ನೀರು," ಎಂದರು ಮೇಷ್ಟ್ರು. "ನಾನು ಹುಡುಗನಾಗಿದ್ದಾಗ ಮಳೆ ಕೈಕೊಟ್ಟರೆ ಮಳೆರಾಯನನ್ನು ಹೊರುತ್ತಿದ್ದೆವು. ಮಣ್ಣಿನಲ್ಲಿ ಗೊಂಬೆ ಮಾಡಿ ಹಲಗೆ ಮೇಲೆ ಕೂರಿಸಿ, ಹೂ ಇಟ್ಟು, ಒಬ್ಬ ಹುಡುಗನ ತಲೆ ಮೇಲೆ ಹೊರಿಸೋದು. ಅವನ ಮೈಮೇಲೆ ಚಡ್ಡಿ ಬಿಟ್ಟರೆ ಏನೂ ಇಲ್ಲ. ಮನೆಮನೆ ಮುಂದೆ ನಿಂತರೆ ಹೆಂಗಸರು ಬಿಂದಿಗೆ ತಂದು ಗೊಂಬೆ ಮೇಲೆ ಸುರಿಯುತ್ತಿದ್ದರು. ಮಣ್ಣು ಕರಗಿ ಹುಡುಗನ ಕಣ್ಣು, ಮೂಗಿಗೆಲ್ಲ ಕೆಸರು ಇಳಿಯೋದು. ಕೈ ಎತ್ತಿ ಒರೆಸಿಕೊಳ್ಳೋಕೆ ಹೋದರೆ ದೇವರು ಬೀಳ್ತಾನೆ. ಮನೆಮನೆಯಲ್ಲಿ ಕೊಟ್ಟ ರಾಗಿಹಿಟ್ಟಿನಿಂದ ಕೆರೆ ಹತ್ತಿರ ಮುದ್ದೆ ಮಾಡಿ ಉಂಡು, ಗೊಂಬೆ ಬಿಟ್ಟು ಬರೋದು."

ಅವಳ ಕಣ್ಣು ಅರಳಿತು. "ಅಲ್ಲಿ ಅದಕ್ಕೆ ಪಾಪರೂದಾ ಅಂತಾರೆ! ಬರ ಬಂದರೆ ಒಬ್ಬಳು ಹುಡುಗಿಗೆ ಮೈತುಂಬ ಎಲೆ, ಬಳ್ಳಿ ಕಟ್ಟುತ್ತಾರೆ. ಅವಳು ಕುಣಿಯುತ್ತಾ ಮನೆಮನೆಗೆ ಹೋಗ್ತಾಳೆ, ಮನೆಯವರು ಬಕೆಟ್‌ನಲ್ಲಿ ನೀರು ಎರಚುತ್ತಾರೆ. ಇನ್ನೊಂದು ಕಲೋಯಾನ್. ಮಕ್ಕಳು ಜೇಡಿಮಣ್ಣಿನ ಗೊಂಬೆ ಮಾಡಿ, ಸತ್ತವನಿಗೆ ಮಾಡೋ ಹಾಗೆ ಅತ್ತು, ಹೊಲದಲ್ಲಿ ಹೂಳ್ತಾರೆ. ಕೆಲವು ದಿನ ಬಿಟ್ಟು ತೆಗೆದು ನೀರಿಗೆ ಹಾಕ್ತಾರೆ."

"ಅದು ಜೋಕುಮಾರ! ಉತ್ತರ ಕರ್ನಾಟಕದ ಕಡೆ ಜೋಕುಮಾರನೂ ಮಣ್ಣಿನವನೇ, ಅವನೂ ಸಾಯುತ್ತಾನೆ, ಅವನಿಗೂ ಅಳುತ್ತಾರೆ, ಅದೂ ಮಳೆಗಾಗಿ. ನಮ್ಮ ಕಡೆಯಿಂದಲೇ ಹೋಗಿದ್ದಾ? ಆ ಜಿಪ್ಸಿಗಳು, ರೋಮಾ ಜನ, ನಮ್ಮ ದೇಶದಿಂದ ಹೋದವರೇ ಅಲ್ಲವೇ?"

"ರೋಮಾ ಜನ ಸಾವಿರ ವರ್ಷದ ಹಿಂದೆ ವಾಯವ್ಯ ಭಾರತದಿಂದ ಹೊರಟವರು, ನಿಜ. ಎಷ್ಟೋ ಹಳ್ಳಿಗಳಲ್ಲಿ ಪಾಪರೂದಾ ಆಡ್ತಿದ್ದವರೂ ರೋಮಾ ಹುಡುಗಿಯರೇ. ಆದರೆ ಅದೇ ಆಟ ಸರ್ಬಿಯಾ, ಬಲ್ಗೇರಿಯಾ, ಗ್ರೀಸಿನಲ್ಲೆಲ್ಲ ಇದೆ. ಎಲ್ಲವೂ ನಮ್ಮಿಂದ ಹೋಯಿತು ಅನ್ನೋ ಆಸೆ ಬಿಡಿ ಮೇಷ್ಟ್ರೇ. ನೀರು ಬೇಕಾದವರು ನೀರು ಸುರಿದು ಮೇಲಿರುವವನಿಗೆ ನೆನಪಿಸ್ತಾರೆ. ಅದಕ್ಕೆ ಯಾರೂ ಯಾರಿಂದಲೂ ಕಲಿಯಬೇಕಾಗಿಲ್ಲ."

ಈ ಮಾತಿಗೆ ಮೇಷ್ಟ್ರು ಅಷ್ಟು ಸುಲಭವಾಗಿ ಮಣಿಯಲಿಲ್ಲ. "ಹಾಗಾದರೆ 'ಕೆರೆಗೆ ಹಾರ'ದಂಥದ್ದು ಅಲ್ಲಿದೆಯಾ, ಹೇಳು?" ಎಂದು ಸವಾಲು ಹಾಕಿದರು. ಹಾಕಬಾರದಿತ್ತು.

"ಅವರ ಮಹಾಕಥೆಯೇ ಅದು. ಮೇಸ್ತ್ರಿ ಮನೋಲೆ. 16ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಆರ್ಜೆಶ್ ಮಠದ ಸುತ್ತ ಹಬ್ಬಿದ ಲಾವಣಿ. ಹಗಲು ಕಟ್ಟಿದ ಗೋಡೆ ರಾತ್ರಿ ಬೀಳುತ್ತೆ. ನಾಳೆ ಬುತ್ತಿ ತರೋ ಮೊದಲ ಹೆಂಗಸನ್ನು ಗೋಡೆಗೆ ಕೊಡಬೇಕು ಅಂತ ಕನಸು. ಬರೋಳು ಮನೋಲೆಯ ಹೆಂಡತಿ ಆನಾ, ತುಂಬು ಬಸುರಿ. ದೂರದಲ್ಲಿ ಅವಳನ್ನು ಕಂಡು ಇವನು ಬೇಡಿಕೊಳ್ತಾನೆ, ಮಳೆ ಬರಲಿ, ಬಿರುಗಾಳಿ ಬರಲಿ, ಅವಳು ವಾಪಸ್ ಹೋಗಲಿ ಅಂತ. ಎರಡೂ ಬರುತ್ತೆ. ಅವಳು ನಿಲ್ಲೋದಿಲ್ಲ. ತಮಾಷೆ ಅಂತ ಹೇಳಿ ಸುತ್ತ ಗೋಡೆ ಎಬ್ಬಿಸ್ತಾರೆ. ಹಿಮ್ಮಡಿಗೆ, ಮೊಳಕಾಲಿಗೆ, ಸೊಂಟಕ್ಕೆ, ಎದೆಗೆ."

ಮೇಷ್ಟ್ರು ಸುಮ್ಮನೆ ಕೂತರು. 'ಕೆರೆಗೆ ಹಾರ'ದ ಭಾಗೀರಥಿಗೂ ಹಾಗೆಯೇ. ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರಿಲ್ಲ. ಸೊಸೆಯನ್ನು ಬಲಿ ಕೊಡಬೇಕು ಎಂದಾಗ ಬೊಟ್ಟು ಹೋಗುವುದು ಕಿರಿಯವಳ ಕಡೆಗೆ. ಮರೆತು ಬಂದ ಚಿನ್ನದ ಬಟ್ಟಲು ತರಲು ಕೆರೆಗಿಳಿದವಳಿಗೆ ಒಂದೊಂದು ಮೆಟ್ಟಿಲಿಗೂ ನೀರು ಮೇಲೇರುತ್ತದೆ, ಪಾದ, ಮೊಳಕಾಲು, ನಡು. ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ. ಅತ್ತ ಮನೋಲೆ ಮಠದ ಮಾಡಿನಿಂದ ಮರದ ಹೆಂಚುಗಳ ರೆಕ್ಕೆ ಕಟ್ಟಿಕೊಂಡು ಹಾರಿ ಬಿದ್ದು ಸಾಯುತ್ತಾನೆ. ಬಿದ್ದಲ್ಲಿ ಬುಗ್ಗೆ ಏಳುತ್ತದೆ, ನೀರೇ ಮತ್ತೆ. ವ್ಯತ್ಯಾಸವೂ ಸಣ್ಣದಲ್ಲ. ಆನಾಗೆ ಏನೂ ಗೊತ್ತಿಲ್ಲ. ಭಾಗೀರಥಿಗೆ ಎಲ್ಲ ಗೊತ್ತು, ತವರಿಗೆ ಹೋಗಿಬಂದು, ಗೆಳತಿಯ ಮುಂದೆ ಮಾತ್ರ ಬಾಯಿಬಿಟ್ಟು, ಕೆಲಸ ಮುಗಿಸಿಯೇ ಹೋಗುತ್ತಾಳೆ. ಈ ಬರಹಗಾರನ ಎಣಿಕೆಯಲ್ಲಿ ನಮ್ಮ ಕಥೆ ಹೆಚ್ಚು ಕ್ರೂರ.

ಇಂಥ ಕಥೆಗಳನ್ನು ಜೋಡಿಸಿ ನೋಡುವ ಹುಚ್ಚು ಹೊಸದಲ್ಲ. ಬುಕಾರೆಸ್ಟಿನಲ್ಲಿ ಹುಟ್ಟಿದ ಮಿರ್ಚಾ ಎಲಿಯಾಡೆ 1928ರಲ್ಲಿ ಕಲ್ಕತ್ತೆಗೆ ಬಂದು ಸುರೇಂದ್ರನಾಥ ದಾಸಗುಪ್ತರ ಬಳಿ ಓದಿದವರು. ಮನೋಲೆಯ ಕಥೆಯ ಮೇಲೆ 1943ರಲ್ಲಿ ಒಂದು ಪುಸ್ತಕವನ್ನೇ ಬರೆದರು.

"ಈಗ ನಮ್ಮ ಕೆರೆಗಳಿಗೆ ಸೊಸೆಯೂ ಬೇಡ, ಮಳೆರಾಯನೂ ಬೇಡ," ಎಂದರು ಮೇಷ್ಟ್ರು ಕೊನೆಗೆ. "2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನೇ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಇದರ ಮೇಲೆ ಯಾರಾದರೂ ಲಾವಣಿ ಕಟ್ಟಬೇಕು."

"ಕಟ್ಟಿದರೂ ಬರೆದಿಡೋರು ಬೇಕಲ್ಲ ಮೇಷ್ಟ್ರೇ. ಅಲ್ಲಿ ಅದನ್ನು ಮಾಡಿದವರು ನಿಮ್ಮಂಥವರೇ. 1884ರಲ್ಲಿ ಹಷ್ದೇವು ಅನ್ನೋ ವಿದ್ವಾಂಸ 206 ಪ್ರಶ್ನೆಗಳ ಪಟ್ಟಿ ಮಾಡಿ ಹಳ್ಳಿ ಹಳ್ಳಿಯ ಶಾಲಾ ಮೇಷ್ಟ್ರುಗಳಿಗೆ, ಪಾದ್ರಿಗಳಿಗೆ ಕಳಿಸಿದ. ಮಾತು ಹೇಗೆ ಆಡ್ತೀರಿ, ದೆವ್ವಕ್ಕೆ ಏನಂತೀರಿ, ಯಾವ ಕಥೆ ಹೇಳ್ತೀರಿ ಅಂತ. ಸಾವಿರಾರು ಪುಟ ಉತ್ತರ ಬಂತು. ಸ್ಟೋಕರ್ ಕಾದಂಬರಿ ಬರೋಕೆ ಹದಿಮೂರು ವರ್ಷ ಮೊದಲು! ಅದಕ್ಕೇ ಡ್ರಾಕುಲಾ ಎಷ್ಟೇ ಕುಣಿದರೂ ಸ್ತ್ರಿಗೋಯ್ ಸಾಯಲಿಲ್ಲ, ವಲ್ವ ಸಾಯಲಿಲ್ಲ. ಕಾಗದದ ಮೇಲಿದ್ದಾರೆ."

"ನಮ್ಮಲ್ಲೂ ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರಲ್ಲಮ್ಮ."

"ಕಟ್ಟಿದರು. ಹೊಲದ ಹಾಡು, ಬೀಸೋ ಹಾಡು ಉಳೀತು. ನಾನು ಕೇಳ್ತಿರೋದು ಶಾಫ್ಟಿನ ಹಾಡು. ಕೇಜ್ ಇಳಿಯುವಾಗ ಯಾವ ದೇವರ ಹೆಸರು ಹೇಳ್ತಿದ್ದರು? ಸತ್ತವನ ಜಾಗದಲ್ಲಿ ಮಾರನೆಯ ದಿನ ಯಾರು ನಿಲ್ತಿದ್ದರು, ನಿಲ್ಲೋ ಮುಂಚೆ ಏನು ಮಾಡ್ತಿದ್ದರು? ಆಯುಧಪೂಜೆಗೆ ಕುಂಬಳಕಾಯಿ ಒಡೀತಿದ್ದದ್ದು ಯಾರು? ಕಾರ್ನ್‌ವಾಲ್‌ನ ಕುಳ್ಳರು ತಮಿಳು ಕಲಿತರೋ ಇಲ್ಲವೋ?"

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿದರು. "ಜಾನಪದ ಅಂದರೆ ನಾವು ಹಳ್ಳಿಗೆ ಹೋದೆವು, ಕಾರ್ಖಾನೆಗೆ ಹೋಗಲಿಲ್ಲ. ಕನ್ನಡದ ಹಾಡು ಹುಡುಕಿದೆವು, ತಮಿಳು ಮಾತಾಡೋ ಲೈನ್ ಮನೆ ನಮ್ಮದು ಅಂತ ಅನ್ನಿಸಲೇ ಇಲ್ಲ." ಆಮೇಲೆ ಸೇರಿಸಿದರು, "ಇವತ್ತಿಗೂ ಹೊಸ ಆಚರಣೆ ಹುಟ್ಟುತ್ತಲೇ ಇದೆ. ಇಲ್ಲೇ ಕಮ್ಮಸಂದ್ರದ ಕೋಟಿಲಿಂಗೇಶ್ವರ 1980ರಲ್ಲಿ ಶುರುವಾದದ್ದು. ಹರಕೆ ಹೊತ್ತವರು ತಮ್ಮ ಹೆಸರಲ್ಲಿ ಲಿಂಗ ಇಡಿಸುತ್ತಾರೆ, ಮರಕ್ಕೆ ಹಳದಿ ದಾರ ಕಟ್ಟುತ್ತಾರೆ."

"ಅಲ್ಲಿ ಮಾರ್ಚ್ ಒಂದಕ್ಕೆ ಕೆಂಪು ಬಿಳಿ ದಾರ ತೊಟ್ಟು, ಆಮೇಲೆ ಮರಕ್ಕೆ ಕಟ್ತಾರೆ. 2017ರಲ್ಲಿ ಅದೂ ಯುನೆಸ್ಕೊ ಪಟ್ಟಿಗೆ ಹೋಯಿತು."

ಚಾಂಪಿಯನ್‌ನಲ್ಲಿ ಗಾಡಿ ಅರ್ಧ ಖಾಲಿಯಾಯಿತು. ಇಬ್ಬರ ಮಾತು ಮಾರಿಕುಪ್ಪಂವರೆಗೂ ನಡೆಯಿತು, ಅದರಲ್ಲಿ ಹೆಚ್ಚಿನದು ಅವಳ ಮದುವೆಯ ವಿಷಯ. ಅದು ಇಲ್ಲಿಗೆ ಬೇಕಿಲ್ಲ.

ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಂದು ನಲವತ್ತರ ಹರೆಯದಲ್ಲಿದ್ದ ಕೆಲಸಗಾರ ಇಂದು ಅರವತ್ತೈದರ ಆಸುಪಾಸಿನಲ್ಲಿದ್ದಾನೆ, ಕಲ್ಲಿನ ಧೂಳು ಕುಡಿದ ಶ್ವಾಸಕೋಶ ಎಲ್ಲರನ್ನೂ ಅಲ್ಲಿಯವರೆಗೆ ಬದುಕಗೊಟ್ಟಿಲ್ಲ. ಮನೆಯಲ್ಲಿ ಗಣಿಗಿಳಿದ ತಾತ ಇದ್ದರೆ ಈ ಭಾನುವಾರ ಪಕ್ಕದಲ್ಲಿ ಕೂತು ಮೊಬೈಲ್ ಆನ್ ಮಾಡಿ ಗಣಿಯ ಕಥೆ ಕೇಳಿ. ಅವರು ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲೇ ಇರಲಿ, ತೆಲುಗಾದರೆ ತೆಲುಗಿನಲ್ಲಿ. ಯಾವ ಶಾಫ್ಟ್, ಯಾವ ವರ್ಷ, ಯಾರ ಜೊತೆ ಎಂಬುದನ್ನು ಮರೆಯದೆ ಬರೆದುಕೊಳ್ಳಿ.